ಕೂಸನ್ನೂ ದೊಡ್ಡ ಮಕ್ಕಳನ್ನೂ ಕರೆದುಕೊಂಡು ಕ್ಯಾಂಪಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮೂರನೆಯ ಮಗುವಿಗೆ ಏಳು ತಿಂಗಳಾಗಿದ್ದಾಗ ಮೊದಲ ಸಲ ಐದೂ ಜನ ಒಂದೇ ಟೆಂಟಿನಲ್ಲಿ ಮಲಗಿದೆವು. ದೊಡ್ಡವಳಿಗೆ ಆಗ 10 ವರ್ಷ, ನಡುವಿನವನಿಗೆ 6. ಅಲ್ಲಿಂದ ಇಲ್ಲಿಯವರೆಗೆ ಬೇರೆ ಬೇರೆ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನಿಮ್ಮ ಮಗು ಅವಧಿಗೆ ಮೊದಲೇ ಹುಟ್ಟಿದ್ದರೆ ಅಥವಾ ಅದಕ್ಕೆ ಬೇರೇನಾದರೂ ತೊಂದರೆ ಇದ್ದರೆ ಇಲ್ಲಿ ಬರೆದದ್ದಕ್ಕಿಂತ ನಿಮ್ಮ ಡಾಕ್ಟರ ಮಾತೇ ದೊಡ್ಡದು.

## ಹೊರಡುವ ಮೊದಲು

ಪಾಪುಗೆ ಎಷ್ಟು ತಿಂಗಳಾದ ಮೇಲೆ ಕರ್ಕೊಂಡು ಹೋಗಬಹುದು?

ಇಷ್ಟೇ ತಿಂಗಳು ಅನ್ನುವ ಕಟ್ಟುನಿಟ್ಟಿನ ನಿಯಮ ಇಲ್ಲ. ಆದರೂ ಮೊದಲ ಮೂರು ತಿಂಗಳು ಬೇಡ ಅಂತಲೇ ಹೇಳುತ್ತೇನೆ. ಆ ವಯಸ್ಸಿನಲ್ಲಿ ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಸಾಕು, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು. ನಡುರಾತ್ರಿ ಟೆಂಟಿನಿಂದ ಎದ್ದು ಹೊರಡುವುದು ಸುಲಭವಲ್ಲ. ತಾಯಿಯ ಮೈಗೂ ಆಗ ಇನ್ನೂ ವಿಶ್ರಾಂತಿ ಬೇಕಿರುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಸುಲಭದ ಕಾಲ 4ರಿಂದ 8 ತಿಂಗಳು. ಕತ್ತು ನಿಂತಿರುತ್ತದೆ, ಹಾಲೇ ಮುಖ್ಯ ಊಟ, ಹೆಚ್ಚು ದೂರ ಹರಿದಾಡುವುದಿಲ್ಲ. ಕಷ್ಟದ ಕಾಲ 9ರಿಂದ 15 ತಿಂಗಳು. ಅಂಬೆಗಾಲು, ತಪ್ಪು ಹೆಜ್ಜೆ, ಸಿಕ್ಕಿದ್ದೆಲ್ಲ ಬಾಯಿಗೆ. ಆಗ ಹೋಗಬಾರದು ಅಂತಲ್ಲ, ಒಬ್ಬರು ದೊಡ್ಡವರು ಪೂರ್ತಿ ಹೊತ್ತು ಮಗುವಿನ ಹಿಂದೆಯೇ ಇರಬೇಕಾಗುತ್ತದೆ.

ಮೊದಲ ಸಲಕ್ಕೆ ಎಂಥ ಜಾಗ ಹುಡುಕಬೇಕು? ಎಷ್ಟು ದಿನ?

ಮನೆಯಿಂದ ಒಂದೆರಡು ಗಂಟೆಯ ದಾರಿ ಸಾಕು. ಟೆಂಟ್ ಪಕ್ಕದಲ್ಲೇ ಕಾರು ನಿಲ್ಲಬೇಕು. ನಲ್ಲಿ, ಶೌಚಾಲಯ ಹತ್ತಿರ ಇರಬೇಕು, ಫೋನ್ ಸಿಗಬೇಕು. ಹತ್ತಿರದ ಆಸ್ಪತ್ರೆ ಎಲ್ಲಿದೆ ಅನ್ನುವುದನ್ನು ಹೊರಡುವ ಮೊದಲೇ ನೋಡಿ ಬರೆದಿಟ್ಟುಕೊಳ್ಳಿ.

ಎತ್ತರದ ಜಾಗವಾದರೆ ಒಂದು ಲೆಕ್ಕ ನೆನಪಿರಲಿ: ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿಯಂತೆ ತಾಪ ಇಳಿಯುತ್ತದೆ. ಮನೆಯಲ್ಲಿ ಹಿತವಾಗಿದ್ದ ಹವೆ ಅಲ್ಲಿ ನಡುಗಿಸಬಹುದು. ಟೆಂಟ್ ಹಾಕುವಾಗ ತಗ್ಗು ಜಾಗ ಬೇಡ. ರಾತ್ರಿ ತಣ್ಣನೆಯ ಗಾಳಿ ತಗ್ಗಿಗೇ ಇಳಿಯುತ್ತದೆ, ಮಳೆ ಬಂದರೆ ನೀರೂ ಅಲ್ಲಿಗೇ ಬರುತ್ತದೆ. ಒಣಗಿದ ಕೊಂಬೆ ಇರುವ ಮರದ ಕೆಳಗೂ ಬೇಡ.

ದಿನದ ಲೆಕ್ಕಕ್ಕೆ ಎರಡು ರಾತ್ರಿ ಒಳ್ಳೆಯದು. ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಎರಡನೆಯ ರಾತ್ರಿ ಎಲ್ಲರೂ ಮಲಗುತ್ತಾರೆ. ಒಂದೇ ರಾತ್ರಿಗೆ ಹೋಗಿ ಬಂದವರ ನೆನಪಿನಲ್ಲಿ ಆ ಕೆಟ್ಟ ರಾತ್ರಿಯೊಂದೇ ಉಳಿಯುತ್ತದೆ.

ಎಷ್ಟು ಜನರ ಟೆಂಟ್ ತಗೋಬೇಕು?

ನಿಮ್ಮ ಮನೆಯ ಲೆಕ್ಕಕ್ಕೆ ಎರಡು ಸೇರಿಸಿ. ಟೆಂಟಿನ ಮೇಲೆ ಬರೆದ ಸಂಖ್ಯೆ ಒಬ್ಬರ ಪಕ್ಕ ಒಬ್ಬರು ಭುಜ ತಾಗಿಸಿ ಮಲಗಿದರೆ ಹಿಡಿಯುವ ಲೆಕ್ಕ. ಕೂಸಿನ ಮಂಚಕ್ಕೆ, ಡೈಪರ್ ಬದಲಿಸಲಿಕ್ಕೆ, ಮಳೆ ಬಂದರೆ ಮಕ್ಕಳು ಕೂತು ಆಡಲಿಕ್ಕೆ ಜಾಗ ಅದರಲ್ಲಿ ಇರುವುದಿಲ್ಲ. ತಂದ ಮೇಲೆ ಮನೆಯಲ್ಲೇ ಒಂದು ಸಲ ಹಾಕಿ ತೆಗೆಯಿರಿ. ಕತ್ತಲಲ್ಲಿ, ಅಳುವ ಮಗು ಹೆಗಲ ಮೇಲಿರುವಾಗ, ಯಾವ ಕಡ್ಡಿ ಎಲ್ಲಿಗೆ ಅಂತ ಹುಡುಕುವುದು ಯಾರಿಗೂ ಬೇಡ.

ಲಗೇಜ್ ನೆನೆಸ್ಕೊಂಡ್ರೇನೇ ಭಯ ಆಗುತ್ತೆ. ಏನು ಬಿಡಬಹುದು, ಏನು ಬಿಡಬಾರದು?

ಆಟದ ಸಾಮಾನು ಬಿಡಿ. ಎಲೆ, ಕಡ್ಡಿ, ಕಲ್ಲು ಸಿಕ್ಕರೆ ದೊಡ್ಡ ಮಕ್ಕಳಿಗೆ ಅಷ್ಟು ಸಾಕು. ಆದರೆ ಕೂಸಿನ ಕೈಗೆ ಸಣ್ಣ ಕಲ್ಲು ಸಿಗದ ಹಾಗೆ ನೋಡಿಕೊಳ್ಳಿ. ಬಟ್ಟೆ ಜಾಸ್ತಿ ಇರಲಿ, ಅದರಲ್ಲೂ ಕಾಲುಚೀಲ. ನೀರು ಹೀರದ ದಪ್ಪ ಚಾಪೆ ಒಂದು ಬೇಕೇ ಬೇಕು. ಹಗಲೆಲ್ಲ ಕೂಸಿನ ಮನೆ ಅದೇ.

ನಾವು ಮಾಡುವ ಒಂದು ಸಣ್ಣ ಉಪಾಯ ಹೇಳುತ್ತೇನೆ. ಹೊರಡುವ ಹಿಂದಿನ ದಿನ ಕೂತು ಚಿಕ್ಕ ಚಿಕ್ಕ ಕಟ್ಟು ಮಾಡುತ್ತೇವೆ. ಒಂದೊಂದು ಕವರಿನಲ್ಲಿ ಒಂದು ಡೈಪರ್, ನಾಲ್ಕು ಒದ್ದೆ ಟಿಶ್ಯೂ, ಒಂದು ಜೊತೆ ಬಟ್ಟೆ. ರಾತ್ರಿ ಎರಡು ಗಂಟೆಗೆ ಒಂದು ಕವರ್ ಎಳೆದರೆ ಬೇಕಾದದ್ದೆಲ್ಲ ಕೈಗೆ ಬಂತು. ತೆಗೆದ ಒದ್ದೆ ಡೈಪರ್ ಅದೇ ಕವರಿಗೆ ಹೋಯಿತು. ಟಾರ್ಚ್ ಹಿಡಿದು ಬ್ಯಾಗ್ ಕೆದಕುವ ಕೆಲಸವೇ ಇಲ್ಲ, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

## ರಾತ್ರಿ

ಟೆಂಟ್ ಒಳಗೆ ಪಾಪುನ ಎಲ್ಲಿ, ಹೇಗೆ ಮಲಗಿಸೋದು? ನಮ್ಮ ಜೊತೆಗೇ ಹಾಕ್ಕೊಂಡ್ರೆ ಆಗಲ್ವಾ?

ಇಡೀ ಪಟ್ಟಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಟೆಂಟ್ ಆದರೂ ಮನೆ ಆದರೂ ನಿಯಮ ಒಂದೇ. ಮಗು ಅಂಗಾತ ಮಲಗಬೇಕು. ಹಾಸು ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮಲಗುವ ಜಾಗ ಅದರದ್ದೇ ಆಗಿರಬೇಕು. ದಿಂಬು, ಸಡಿಲ ಹೊದಿಕೆ, ಗೊಂಬೆ ಯಾವುದೂ ಅಲ್ಲಿ ಇರಬಾರದು. ಮಡಚುವ ಪ್ರಯಾಣದ ಮಂಚ ಇದಕ್ಕೆ ತುಂಬ ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಟೆಂಟ್ ತಗೊಳ್ಳಿ ಅಂದದ್ದೂ ಇದಕ್ಕೇ.

ಚಳಿ ಅಂತ ಕೂಸನ್ನು ತಮ್ಮ ಸ್ಲೀಪಿಂಗ್ ಬ್ಯಾಗಿನೊಳಗೆ ಎಳೆದುಕೊಳ್ಳುವವರು ಇದ್ದಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ನಿದ್ದೆಯಲ್ಲಿ ಮಗು ಒಳಗೆ ಜಾರಿದರೆ ಮುಖಕ್ಕೆ ಬಟ್ಟೆ ಮುಚ್ಚಿ ಉಸಿರು ಕಟ್ಟುತ್ತದೆ, ಕೂಗಲಿಕ್ಕೂ ಆಗುವುದಿಲ್ಲ. ಗಾಳಿ ತುಂಬಿದ ಹಾಸಿಗೆಯೂ ಹಾಗೆಯೇ. ದೊಡ್ಡವರ ಭಾರಕ್ಕೆ ಅದು ತಗ್ಗುತ್ತದೆ, ಮಗು ಆ ತಗ್ಗಿಗೆ ಉರುಳುತ್ತದೆ, ಮೆತ್ತನೆಯ ಹಾಸಿಗೆ ಮೂಗಿಗೆ ಒತ್ತುತ್ತದೆ. ಕಾರಿನ ಸೀಟಿನಲ್ಲಿ ನಿದ್ದೆ ಹೋದ ಮಗುವನ್ನೂ ಜಾಗ ತಲುಪಿದ ಮೇಲೆ ಅದರಲ್ಲೇ ಬಿಡಬೇಡಿ. ಗದ್ದ ಎದೆಗೆ ತಾಗಿ ಕೂತರೆ ಉಸಿರಿನ ದಾರಿ ಕಿರಿದಾಗುತ್ತದೆ. ಎಚ್ಚರವಾದರೂ ಸರಿ, ಎತ್ತಿ ಮಲಗಿಸಿ.

ಮಂಚವನ್ನು ಟೆಂಟಿನ ಗೋಡೆಯಿಂದ ಒಂದು ಗೇಣು ದೂರ ಇಡಿ. ಬೆಳಗಿನ ಜಾವಕ್ಕೆ ಬಟ್ಟೆಯ ಒಳಮೈ ತೇವವಾಗಿರುತ್ತದೆ. ದೊಡ್ಡ ಮಕ್ಕಳು ಆ ಕಡೆ, ಕೂಸು ಈ ಕಡೆ, ನಡುವೆ ದೊಡ್ಡವರೊಬ್ಬರು. ನಿದ್ದೆಯಲ್ಲಿ ಹೊರಳುವ ಆರು ವರ್ಷದವನ ಮೊಣಕೈ ಎಲ್ಲಿಗೆ ಬರುತ್ತದೆ ಅಂತ ಯಾರೂ ಹೇಳಲಾರರು.

ಮಗುಗೆ ಚಳಿ ಆಗ್ತಿದೆಯಾ, ಸೆಖೆ ಆಗ್ತಿದೆಯಾ ಅಂತ ಗೊತ್ತಾಗೋದು ಹೇಗೆ?

ಕೈ ಕಾಲು ಮುಟ್ಟಿ ನಿರ್ಧಾರ ಮಾಡಬೇಡಿ, ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಎದೆ ಅಥವಾ ಕತ್ತಿನ ಹಿಂಭಾಗಕ್ಕೆ ಬೆರಳು ಇಡಿ. ಅಲ್ಲಿ ಬೆಚ್ಚಗಿದ್ದರೆ ಸರಿಯಾಗಿದೆ. ಬೆವರಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಂದು ಸೇರಿಸಿ. ಸಡಿಲ ಹೊದಿಕೆಯ ಬದಲು ಜಿಪ್ ಇರುವ, ತೋಳಿಲ್ಲದ, ಮಗುವಿನ ಅಳತೆಯ ಮಲಗುವ ಚೀಲ ಹಾಕಿ. ಅದು ಮುಖದ ಮೇಲೆ ಬರುವುದಿಲ್ಲ. ಮಲಗಿದಾಗ ಸಡಿಲ ಟೋಪಿ ಬೇಡ, ಜಾರಿ ಮೂಗಿಗೆ ಇಳಿಯುತ್ತದೆ.

ದೊಡ್ಡ ಮಕ್ಕಳ ಚಳಿ ಬಹುಪಾಲು ಕೆಳಗಿನಿಂದ ಬರುತ್ತದೆ. ನೆಲ ಮೈಯ ಬಿಸಿಯನ್ನು ಹೀರುತ್ತದೆ. ಮೇಲೆ ಎರಡು ಹೊದಿಕೆ ಹಾಕುವ ಬದಲು ಒಂದನ್ನು ಕೆಳಗೆ ಹಾಸಿ ನೋಡಿ.

ಟೆಂಟ್ ಒಳಗೆ ಸ್ವಲ್ಪ ಕೆಂಡ ಇಟ್ರೆ ಬೆಚ್ಚಗಿರುತ್ತೆ ಅಲ್ವಾ?

ಬೇಡ. ಯಾವ ಕಾರಣಕ್ಕೂ ಬೇಡ. ಆರುತ್ತಿರುವ ಕೆಂಡ, ಇದ್ದಿಲು, ಗ್ಯಾಸ್ ಒಲೆ, ಗ್ಯಾಸ್ ಹೀಟರ್ ಎಲ್ಲವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತವೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಬಾಗಿಲು ಸ್ವಲ್ಪ ತೆರೆದಿಟ್ಟರೆ ಸಾಕು ಅನ್ನುವುದು ತಪ್ಪು ತಿಳಿವಳಿಕೆ. ಅಡುಗೆ ಕೂಡ ಹೊರಗೇ ಆಗಲಿ, ಮಳೆ ಬಂದರೂ.

ರಾತ್ರಿ ಅತ್ರೆ ಅಕ್ಕಪಕ್ಕದ ಟೆಂಟಿನವರು ಏನಂದುಕೊಳ್ಳುತ್ತಾರೆ?

ಹಗಲೇ ಹೋಗಿ ಮಾತಾಡಿಸಿ. "ನಮ್ಮ ಜೊತೆ ಸಣ್ಣ ಮಗು ಇದೆ, ರಾತ್ರಿ ಅತ್ತರೆ ಬೇಜಾರು ಮಾಡ್ಕೋಬೇಡಿ" ಅಂದರೆ ಸಾಕು. ನಾನು ಹೀಗೆ ಹೇಳಿದಾಗ ಮುಖ ಸಿಂಡರಿಸಿದವರನ್ನು ಇದುವರೆಗೆ ಕಂಡಿಲ್ಲ. ಅಂಚಿನ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಮಗು ಎದ್ದಾಗ ದೊಡ್ಡ ಟಾರ್ಚ್ ಹಾಕಬೇಡಿ. ಕೆಂಪು ಬೆಳಕು ಇರುವ ತಲೆಯ ಟಾರ್ಚ್ ಸಾಕು, ಕಣ್ಣಿಗೆ ಚುಚ್ಚುವುದಿಲ್ಲ, ಮಗು ಬೇಗ ಮತ್ತೆ ಮಲಗುತ್ತದೆ.

## ಹಾಲು, ನೀರು, ಡೈಪರ್

ಪುಡಿ ಹಾಲು ಕುಡಿಯೋ ಮಗು. ಹೊರಗಡೆ ಹೇಗೆ ನಿಭಾಯಿಸೋದು?

ಎದೆಹಾಲಾದರೆ ಯೋಚನೆ ಕಡಿಮೆ, ತಾಯಿ ಚೆನ್ನಾಗಿ ನೀರು ಕುಡಿದರೆ ಆಯಿತು. ಫಾರ್ಮುಲಾ ಆದರೆ ಸ್ವಲ್ಪ ಶಿಸ್ತು ಬೇಕು. ಡಬ್ಬಿಯ ಪುಡಿ ಪೂರ್ತಿ ಕ್ರಿಮಿಮುಕ್ತ ಅಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 70 ಡಿಗ್ರಿಗಿಂತ ಕಡಿಮೆ ಇಲ್ಲದ ನೀರಿಗೆ ಪುಡಿ ಹಾಕಿ ಅನ್ನುತ್ತದೆ. ನೀರು ಕುದಿಸಿ, ಒಳ್ಳೆಯ ಫ್ಲಾಸ್ಕಿಗೆ ತುಂಬಿಡಿ. ಒಂದೊಂದು ಹೊತ್ತಿನ ಪುಡಿಯನ್ನು ಮನೆಯಲ್ಲೇ ಅಳೆದು, ಒಣಗಿದ ಚೊಕ್ಕ ಡಬ್ಬಿಗಳಲ್ಲಿ ಒಯ್ಯಿರಿ. ಬೇಕಾದಾಗ ಕಲಸಿ, ಬಾಟಲಿಯನ್ನು ತಣ್ಣೀರಿನಲ್ಲಿ ಇಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ ಕುಡಿಸಿ. ಉಳಿದದ್ದನ್ನು ಮುಂದಿನ ಹೊತ್ತಿಗೆ ಇಡಬೇಡಿ. ಮುಂಚೆಯೇ ಕಲಸಿಟ್ಟು ಕಾರಿನಲ್ಲಿ ಒಯ್ಯುವುದೂ ಬೇಡ.

ಅಲ್ಲಿನ ನೀರು ಕುಡಿಯಬಹುದಾ?

ಗೊತ್ತಿಲ್ಲದ ನೀರಾದರೆ ಕುದಿಸಿ. ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಈ ವ್ಯತ್ಯಾಸ. ಆರು ತಿಂಗಳೊಳಗಿನ ಮಗುವಿಗೆ ಬಿಸಿಲಿದ್ದರೂ ಬರೀ ನೀರು ಕೊಡಬಾರದು. ಹಾಲನ್ನೇ ಪದೇ ಪದೇ ಕೊಡಿ. ಇದರ ಜೊತೆಗೇ ಇನ್ನೊಂದು: ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಬಾಟ್ಯುಲಿಸಮ್ ರೋಗಾಣು ಸಣ್ಣ ಮಗುವಿನ ಕರುಳಲ್ಲಿ ವಿಷ ಉಂಟುಮಾಡುತ್ತದೆ.

ಡೈಪರ್ ಅಲ್ಲೇ ಹೂತು ಬರಬಹುದಾ?

ಇಲ್ಲ. ಡೈಪರಿನಲ್ಲಿ ಪ್ಲಾಸ್ಟಿಕ್ ಇದೆ, ಮಣ್ಣಿನಲ್ಲಿ ಕರಗುವುದಿಲ್ಲ. ಪ್ರಾಣಿಗಳು ಅಗೆದು ಎಳೆದಾಡುತ್ತವೆ. ಸುಡುವುದೂ ಬೇಡ. ಎರಡು ಕವರಿನಲ್ಲಿ ಗಂಟು ಹಾಕಿ, ಮುಚ್ಚಳ ಇರುವ ಬಕೆಟಿನಲ್ಲಿ ಹಾಕಿ ವಾಪಸ್ ತನ್ನಿ. ತೊಳೆಯುವುದಿದ್ದರೆ ಹೊಳೆ, ಕೆರೆಯಿಂದ 60 ಮೀಟರ್ ದೂರ.

## ಹಗಲು

ಬಿಸಿಲಿಗೆ, ಸೊಳ್ಳೆಗೆ ಏನು ಹಚ್ಚೋದು?

ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನಿಗಿಂತ ನೆರಳು, ತೆಳು ತುಂಬುತೋಳಿನ ಬಟ್ಟೆ, ಅಂಚು ಇರುವ ಟೋಪಿ ಒಳ್ಳೆಯದು. ನೆರಳು ಅಂತ ತಳ್ಳುಗಾಡಿಯ ಮೇಲೆ ಬಟ್ಟೆ ಹೊದಿಸಬೇಡಿ. ಒಳಗೆ ಗಾಳಿ ಆಡದೆ ಬೇಯುತ್ತದೆ. ಬಿಸಿಲಲ್ಲಿ ನಿಂತ ಟೆಂಟೂ ಹಾಗೆಯೇ, ಹಗಲಿನ ನಿದ್ದೆಗೆ ಮರದ ನೆರಳಿನ ಚಾಪೆಯೇ ಸರಿ.

ಸೊಳ್ಳೆಗೆ ಮೊದಲ ಆಸರೆ ಪರದೆ. ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಕ್ರೀಮನ್ನು ಎರಡು ತಿಂಗಳೊಳಗಿನ ಮಗುವಿಗೆ ಹಚ್ಚಬಾರದು. ನಿಂಬೆ ಯೂಕಲಿಪ್ಟಸ್ ಎಣ್ಣೆಯನ್ನು ಮೂರು ವರ್ಷದೊಳಗಿನವರಿಗೆ ಹಚ್ಚಬಾರದು. ಹಚ್ಚುವ ವಯಸ್ಸಾದರೂ ಕೈಗೆ, ಬಾಯಿ ಕಣ್ಣಿನ ಹತ್ತಿರ ಬೇಡ, ಮಕ್ಕಳ ಕೈ ಬಾಯಿಗೆ ಹೋಗದೆ ಇರುವುದಿಲ್ಲ.

ಬೆಂಕಿ ಹತ್ತಿರ ಮಕ್ಕಳನ್ನ ಹೇಗೆ ನೋಡ್ಕೊಳ್ಳೋದು?

ಬೆಂಕಿ ಹಚ್ಚುವ ಮೊದಲು ನೆಲದ ಮೇಲೆ ಕಡ್ಡಿಯಿಂದ ಒಂದು ದೊಡ್ಡ ವೃತ್ತ ಎಳೆಯಿರಿ. ಅದನ್ನು ಮಕ್ಕಳ ಕೈಯಲ್ಲೇ ಎಳೆಸಿ. ತಾವೇ ಎಳೆದ ಗೆರೆಯನ್ನು ಮಕ್ಕಳು ಚೆನ್ನಾಗಿ ಕಾಯುತ್ತಾರೆ. ಒಳಗೆ ಓಡಾಟ ಇಲ್ಲ, ಆಟ ಇಲ್ಲ. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಬಿಸಿ ಚಹಾ ಕುಡಿಯಬೇಡಿ. ಬೆಂಕಿಗಿಂತ ಬಿಸಿ ಲೋಟದಿಂದ ಸುಟ್ಟುಕೊಳ್ಳುವ ಅಪಾಯ ಕೂಸಿಗೆ ಹತ್ತಿರದ್ದು.

ಬಹಳ ಜನ ಮರೆಯುವುದು ಮರುದಿನ ಬೆಳಗ್ಗೆಯನ್ನು. ಬೂದಿ ಬಿಳಿಯಾಗಿ ತಣ್ಣಗೆ ಕಾಣುತ್ತದೆ, ಒಳಗೆ ಕೆಂಡ ಜೀವಂತ ಇರುತ್ತದೆ. ಬರಿಗಾಲಲ್ಲಿ ಎದ್ದು ಓಡಿದ ಮಗು ಅದರ ಮೇಲೇ ಕಾಲಿಡುತ್ತದೆ. ಮಲಗುವ ಮೊದಲು ನೀರು ಹಾಕಿ, ಕಡ್ಡಿಯಿಂದ ಕಲಕಿ, ಮತ್ತೆ ನೀರು ಹಾಕಿ. ಅಂಗೈ ಹಿಂಭಾಗ ಹತ್ತಿರ ಹಿಡಿದರೆ ಬಿಸಿ ತಾಗಬಾರದು. ಮರಳು ಮುಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ.

ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ಐಸ್ ಬೇಡ, ಪೇಸ್ಟ್ ಬೇಡ, ಎಣ್ಣೆ ಬೇಡ. ಕೂಸಿಗೆ ಆದ ಸುಟ್ಟಗಾಯ ಸಣ್ಣದಿದ್ದರೂ ಡಾಕ್ಟರಿಗೆ ತೋರಿಸಿ.

ಹತ್ತಿರ ಹೊಳೆ ಇದೆ. ದೊಡ್ಡ ಮಕ್ಕಳು ಈಜು ಬಲ್ಲರು, ಪರವಾಗಿಲ್ವಾ?

ಈಜು ಬಂದರೂ ಒಬ್ಬರು ದೊಡ್ಡವರು ನೋಡುತ್ತಲೇ ಇರಬೇಕು, ಫೋನ್ ಇಲ್ಲದೆ. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ಕೂಸಿಗೆ ಐದು ಸೆಂಟಿಮೀಟರ್ ನೀರೂ ಅಪಾಯವೇ, ಪಾತ್ರೆ ತೊಳೆಯುವ ಬಕೆಟ್ ಕೂಡ. ನಮ್ಮಲ್ಲಿ ಒಂದು ಕೆಂಪು ಕೈಪಟ್ಟಿ ಇದೆ. ಅದು ಯಾರ ಕೈಯಲ್ಲಿದೆಯೋ ಅವರೇ ನೀರು ಕಾಯುವವರು. ಬಿಟ್ಟು ಹೋಗಬೇಕಾದರೆ ಪಟ್ಟಿಯನ್ನು ಇನ್ನೊಬ್ಬರ ಕೈಗೆ ಹಾಕಿಯೇ ಹೋಗಬೇಕು. "ನೀನು ನೋಡ್ತಿದ್ದೀಯ ಅಂದ್ಕೊಂಡೆ" ಅನ್ನುವ ಮಾತು ಬರುವುದೇ ಇಲ್ಲ.

ಪಾಪುನ ಎತ್ಕೊಂಡು ಬೆಟ್ಟ ಹತ್ತಬಹುದಾ?

ಎದೆಗೆ ಕಟ್ಟುವ ಜೋಲಿಯಲ್ಲಾದರೆ ಮುಖ ಸದಾ ಕಾಣಬೇಕು, ಬಗ್ಗಿ ಮುತ್ತಿಡುವಷ್ಟು ಮೇಲಿರಬೇಕು, ಗದ್ದ ಎದೆಗೆ ತಾಗಬಾರದು. ಬೆನ್ನಿಗೆ ಹಾಕುವ ಚೌಕಟ್ಟಿನ ಬ್ಯಾಗ್, ಮಗುವಿಗೆ ಆಸರೆ ಇಲ್ಲದೆ ಕೂರಲು ಬಂದ ಮೇಲೆ ಮಾತ್ರ. ನೀವು ನಡೆದು ಬೆವರುತ್ತೀರಿ, ಅದು ಅಲುಗಾಡದೆ ಕೂತಿರುತ್ತದೆ. ನಿಮ್ಮ ಸೆಖೆಯಿಂದ ಅದರ ಚಳಿ ಅಳೆಯಬೇಡಿ.

## ದೊಡ್ಡ ಮಕ್ಕಳು

"ಪಾಪು ಬಂದು ಎಲ್ಲಾ ಹಾಳಾಯ್ತು" ಅಂತಾಳೆ ದೊಡ್ಡವಳು. ಏನು ಮಾಡೋದು?

ಅವಳ ಮಾತು ನಿಜ ಅಂತ ಮೊದಲು ಒಪ್ಪಿಕೊಳ್ಳಿ. ಇದನ್ನು ನಾನು ಕಲಿತದ್ದು ಮೊದಲ ಪ್ರವಾಸದಲ್ಲೇ. ಏಳುವ ಹೊತ್ತು, ನಡೆಯುವ ದೂರ, ಮಲಗುವ ಹೊತ್ತು ಎಲ್ಲವನ್ನೂ ಕೂಸಿಗೆ ತಕ್ಕಂತೆ ಇಟ್ಟಿದ್ದೆವು. ಎರಡನೆಯ ಸಂಜೆ ನಕ್ಷತ್ರ ನೋಡೋಣ ಅಂತ ಕಾದಿದ್ದ ಮಗಳಿಗೆ "ಶ್, ಪಾಪು ಮಲಗಿದೆ" ಅಂದೆ. ಅವಳು ಏನೂ ಅನ್ನಲಿಲ್ಲ. ಟಾರ್ಚ್ ಆರಿಸಿ, ಶೂ ಬಿಚ್ಚಿ, ಬಾಗಿಲ ಪಕ್ಕ ಜೋಡಿಸಿಟ್ಟು ಮಲಗಿಬಿಟ್ಟಳು. ಆ ಜೋಡಿಸಿಟ್ಟ ಶೂ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಂದಿನಿಂದ ನಮ್ಮ ಲೆಕ್ಕ ಹೀಗೆ: ದಿನದ ಹೊತ್ತು ಕೂಸಿನದು, ಆದರೆ ಪ್ರವಾಸ ದೊಡ್ಡ ಮಕ್ಕಳದು. ಕೂಸಿಗೆ ಈ ಪ್ರವಾಸ ನೆನಪಿರುವುದಿಲ್ಲ, ಅವರಿಗೆ ಇರುತ್ತದೆ. ಹಾಗಾಗಿ ದಿನಕ್ಕೊಂದು ಗಂಟೆ ಪ್ರತಿ ದೊಡ್ಡ ಮಗುವಿಗೂ ಒಬ್ಬರು ಅಪ್ಪ ಅಥವಾ ಅಮ್ಮ ಪೂರ್ತಿ ಸಿಗಬೇಕು, ಕೂಸು ಇನ್ನೊಬ್ಬರ ಹತ್ತಿರ. ಆ ಗಂಟೆಯಲ್ಲಿ ಏನು ಮಾಡಬೇಕು ಅಂತ ಮಗುವೇ ಹೇಳಲಿ. ಮರುವರ್ಷ ಮಗಳು ಕೇಳಿದ್ದು ನಕ್ಷತ್ರವನ್ನೇ. ಅವಳ ಅಪ್ಪ ಟೆಂಟಿನಿಂದ ನೂರು ಹೆಜ್ಜೆ ದೂರ ಚಾಪೆ ಹಾಸಿದರು. ಅಲ್ಲಿ ಎಷ್ಟು ನಕ್ಕರೂ ಪಾಪುಗೆ ಕೇಳುವುದಿಲ್ಲ.

ದೊಡ್ಡ ಮಕ್ಕಳಿಗೆ ಕೂಸನ್ನ ನೋಡ್ಕೊಳ್ಳೋಕೆ ಹೇಳಬಹುದಾ?

ಕೂಸಿನ ಹೊಣೆ ಹೊರಿಸಬೇಡಿ, ಟೆಂಟಿನ ಹೊಣೆ ಕೊಡಿ. ಗೂಟ ಹೊಡೆಯುವುದು, ನೀರು ತರುವುದು, ಸಂಜೆ ಟಾರ್ಚ್ ಎಣಿಸಿಡುವುದು. ಆರು ವರ್ಷದವನು ಜಿಪ್ ಕಾಯುವವನಾಗಬಹುದು: ಯಾರು ಒಳಬಂದರೂ ಸೊಳ್ಳೆ ಬರದಂತೆ ಮುಚ್ಚುವುದು ಅವನ ಕೆಲಸ. ನಮ್ಮವನು ಅಜ್ಜಿಯನ್ನೂ ಬಿಡಲಿಲ್ಲ.

ಕಾಡಲ್ಲಿ ಮಗು ದಾರಿ ತಪ್ಪಿದ್ರೆ?

ಮೂರು ಮಾತು ಕಲಿಸಿ: ನಿಲ್ಲು, ಒಂದು ಮರ ಹಿಡಿದುಕೋ, ಸೀಟಿ ಊದು. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪಿಂಗಿಗೆ ಹೋದ ಒಂಬತ್ತು ವರ್ಷದ ಹುಡುಗನೊಬ್ಬ ದಾರಿ ತಪ್ಪಿ ತೀರಿಕೊಂಡ. ಅವನನ್ನು ಹುಡುಕಲು ಹೋದವರೇ ಆಮೇಲೆ ಮಕ್ಕಳಿಗೆ ಈ ಮರ ತಬ್ಬುವ ಪಾಠ ಶುರುಮಾಡಿದರು. ನಡೆಯುತ್ತಲೇ ಇರುವ ಮಗುವನ್ನು ಹುಡುಕುವುದು ತುಂಬ ಕಷ್ಟ. ಒಂದೇ ಕಡೆ ನಿಂತ ಮಗು ಬೇಗ ಸಿಗುತ್ತದೆ.

ಪ್ರತಿ ಮಗುವಿನ ಕೊರಳಲ್ಲಿ ಒಂದು ಸೀಟಿ ಇರಲಿ. ಮೂರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ. ಬೆಳಗ್ಗೆ ಬಟ್ಟೆ ಹಾಕಿದ ಮೇಲೆ ಒಂದು ಫೋಟೋ ತೆಗೆಯಿರಿ, ಶೂ ಅಡಿಯದ್ದೂ ಒಂದು. ಹುಡುಕುವವರಿಗೆ ಹೆಜ್ಜೆ ಗುರುತು ಸಿಕ್ಕರೆ ಅದು ಉಪಯೋಗಕ್ಕೆ ಬರುತ್ತದೆ. "ಕರೆದವರು ಗೊತ್ತಿಲ್ಲದವರಾದರೂ, ನಿನ್ನ ಹೆಸರು ಕೂಗುತ್ತಾ ಹುಡುಕುತ್ತಿದ್ದರೆ ಉತ್ತರ ಕೊಡು, ಯಾರೂ ಬೈಯುವುದಿಲ್ಲ" ಅಂತಲೂ ಹೇಳಿ. ಬೈಗುಳದ ಭಯಕ್ಕೆ ಬಚ್ಚಿಟ್ಟುಕೊಳ್ಳುವ ಮಕ್ಕಳಿದ್ದಾರೆ.

## ಸ್ವಲ್ಪ ಅನುಭವ ಆದ ಮೇಲೆ

ಗುಡುಗು ಶುರುವಾದ್ರೆ ಟೆಂಟ್ ಒಳಗೆ ಇದ್ರೆ ಸಾಕಾ?

ಸಾಲದು. ಸಿಡಿಲಿಗೆ ಟೆಂಟ್ ಯಾವ ತಡೆಯೂ ಅಲ್ಲ. ಮಿಂಚು ಕಂಡ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಅದು ಸುಮಾರು 10 ಕಿಲೋಮೀಟರ್ ಒಳಗೆ ಇದೆ. ಎಲ್ಲರೂ ಕಾರಿಗೆ ಹೋಗಿ, ಕಿಟಕಿ ಏರಿಸಿ ಕೂರಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಿರಿ. ಒಂಟಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ.

ನಾನೊಬ್ಬಳೇ ಮೂವರನ್ನೂ ಕರ್ಕೊಂಡು ಹೋಗಬಹುದಾ?

ಜಾಗ ಮೊದಲೇ ಗೊತ್ತಿದ್ದರೆ, ಹತ್ತಿರ ನೀರು ಇಲ್ಲದಿದ್ದರೆ, ಹೋಗಬಹುದು. ಬೆಂಕಿ ಬಿಟ್ಟುಬಿಡಿ, ಮನೆಯಲ್ಲೇ ಮಾಡಿದ ಅಡುಗೆ ಒಯ್ಯಿರಿ. ನಿಮಗೇ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ದೊಡ್ಡ ಮಗುವಿಗೆ ಬಾಯಿಪಾಠ ಇರಲಿ.

ಯಾವಾಗ ಎಲ್ಲಾ ಬಿಟ್ಟು ವಾಪಸ್ ಹೊರಡಬೇಕು?

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ, ಮೂರರಿಂದ ಆರು ತಿಂಗಳ ಮಗುವಿಗೆ 39 ಡಿಗ್ರಿ ಜ್ವರ ಬಂದರೆ. ಆರು ಗಂಟೆ ಡೈಪರ್ ಒಣಗಿದ್ದರೆ. ನೆತ್ತಿಯ ಮೆತ್ತನೆಯ ಜಾಗ ಒಳಗೆ ಕುಸಿದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ. ಉಸಿರಾಡುವಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿದ್ದರೆ. ಮಗು ಹಾಲು ಬೇಡ ಅಂತ ಮಂಕಾಗಿ ಬಿದ್ದಿದ್ದರೆ. ಇವುಗಳಲ್ಲಿ ಒಂದು ಕಂಡರೂ ಟೆಂಟ್ ಬಿಚ್ಚುತ್ತಾ ಕೂರಬೇಡಿ, ಅದನ್ನು ಅಲ್ಲೇ ಬಿಟ್ಟು ಡಾಕ್ಟರ ಹತ್ತಿರ ಹೊರಡಿ.

ಅರ್ಧದಲ್ಲೇ ವಾಪಸ್ ಬಂದ್ರೆ ದೊಡ್ಡ ಮಕ್ಕಳಿಗೆ ಏನು ಹೇಳೋದು?

ನಿಜವನ್ನೇ ಹೇಳಿ, ಪಾಪುವಿನ ಮೇಲೆ ಹಾಕದೆ: "ಇವತ್ತು ವಾಪಸ್ ಹೋಗೋಣ ಅಂತ ನಾವು ತೀರ್ಮಾನ ಮಾಡಿದ್ವಿ." ಮೂರನೆಯ ಪ್ರವಾಸದಲ್ಲಿ ಕೂಸಿಗೆ ವಾಂತಿ ಶುರುವಾಗಿ ನಾವು ಮೊದಲ ರಾತ್ರಿಯೇ ಹೊರಟುಬಂದೆವು. ನಡುವಿನವನು ದಾರಿಯುದ್ದಕ್ಕೂ ಸುಮ್ನೆ ಕಿಟಕಿ ನೋಡುತ್ತಾ ಕೂತಿದ್ದ. ಡಾಕ್ಟರಿಗೆ ತೋರಿಸಿ ಮನೆ ಸೇರಿದಾಗ ರಾತ್ರಿ ಹನ್ನೊಂದು. ಕೂಸು ಮಲಗಿದ ಮೇಲೆ ನಾವು ಹಾಲಿನ ಕುರ್ಚಿಗಳನ್ನೆಲ್ಲ ಸರಿಸಿ ಅಲ್ಲೇ ಟೆಂಟ್ ನಿಲ್ಲಿಸಿದೆವು. ಅವನು ಒಳಗೆ ಹೋಗಿ, ಜಿಪ್ ಕತ್ತಿನವರೆಗೆ ಮುಚ್ಚಿ, ತಲೆ ಮಾತ್ರ ಹೊರಗೆ ಹಾಕಿ "ಯಾರು ಬರ್ತೀರಿ ಬೇಗ ಬನ್ನಿ, ಸೊಳ್ಳೆ ಬರುತ್ತೆ" ಅಂದ.